ಐಸ್ ಫ್ಲಾಸ್ಕೋ, ಸರ್ಟಿಫಿಕೇಟೋ

ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ 910 ಹೆಕ್ಟೋಪಾಸ್ಕಲ್‌ನ ಆಸುಪಾಸು. ಅಷ್ಟು ಒತ್ತಡದಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ ಮುಟ್ಟುವ ಹೊತ್ತಿಗೇ ಮಳ್ಳಿ ಕುದಿಯುತ್ತಿರುತ್ತದೆ. ಘಟ್ಟ ಇಳಿದು ಮಂಗಳೂರಿಗೆ ಹೋದರೆ ಅದೇ ನೀರಿಗೆ 100 ಡಿಗ್ರಿ ಬೇಕು. ಶಾಲೆಯಲ್ಲಿ ಓದಿ ಎಲ್ಲರೂ ಮರೆಯುವ ಈ ಸಂಗತಿ ನಮ್ಮ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಒಂದು ಬೆಳಗ್ಗೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಟೆಸ್ಟ್‌ಟ್ಯೂಬುಗಳನ್ನು ಬೆಚ್ಚಗಿಡುವ ನೀರಿನ ತೊಟ್ಟಿಯಾದ ವಾಟರ್ ಬಾತ್‌ನ ಸೆನ್ಸರನ್ನು ತಾನೇ ಪರೀಕ್ಷಿಸಿದ್ದಳು. ಕೆಲಸದಲ್ಲಿ ಶ್ರದ್ಧೆ ಇದ್ದವಳು, ಯಾರೂ ಹೇಳದೆಯೇ ಮಾಡಿದ್ದಳು. "ಸರ್, ಐಸ್‌ನಲ್ಲಿ ಸರಿಯಾಗಿ ಸೊನ್ನೆ ಬಂತು. ಕುದಿಯೋ ನೀರಲ್ಲಿ ಮಾತ್ರ 97 ತೋರಿಸ್ತಾ ಇತ್ತು. ಕಂಟ್ರೋಲರ್‌ನಲ್ಲಿ ಅದನ್ನ 100ಕ್ಕೆ ಸರಿಮಾಡಿದೀನಿ" ಎಂದಳು. ಒತ್ತಡ ನೋಡಿದೆಯಾ ಎಂದು ಕೇಳಿದೆ. ಮೊಬೈಲಿನ ಹವಾಮಾನ ಆ್ಯಪ್ ತೆರೆದು ತೋರಿಸಿದಳು: 1012 ಹೆಕ್ಟೋಪಾಸ್ಕಲ್. ಅವಳ ತಪ್ಪೇನೂ ಇಲ್ಲ. ಹವಾಮಾನದ ವರದಿಗಳಲ್ಲಿ ಬರುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಹಾಗೆ ಮಾಡುತ್ತಾರೆ. ಲ್ಯಾಬಿನ ಮೇಜಿನ ಮೇಲೆ ನಿಜವಾಗಿ ಇರುವ ಒತ್ತಡ ಅದಕ್ಕಿಂತ ಸುಮಾರು 100 ಹೆಕ್ಟೋಪಾಸ್ಕಲ್ ಕಡಿಮೆ.

ಆ ತಿದ್ದುಪಡಿ ಹಾಗೇ ಉಳಿದಿದ್ದರೆ ಏನಾಗುತ್ತಿತ್ತು? ಸೊನ್ನೆಯಲ್ಲಿ ತಪ್ಪಿಲ್ಲ, ಮೇಲೆ ಹೋದಂತೆ ತಪ್ಪು ಬೆಳೆಯುತ್ತದೆ. ಪರದೆ 44.5 ಎನ್ನುವಾಗ ತೊಟ್ಟಿಯ ನೀರು 43.2ರಲ್ಲಿರುತ್ತಿತ್ತು. ಕುಡಿಯುವ ನೀರಿನಲ್ಲಿ ಮಲದಿಂದ ಬಂದ ಕೋಲಿಫಾರಂ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆಗೆ 44.5 ಡಿಗ್ರಿ ಬೇಕು, ಆಚೆ ಈಚೆ 0.2ಕ್ಕಿಂತ ಹೆಚ್ಚು ಹೋಗಬಾರದು. ಮಣ್ಣಿನಿಂದ, ಎಲೆ ಕೊಳೆತು ಬರುವ ಇತರ ಕೋಲಿಫಾರಂಗಳನ್ನು ಬೆಳೆಯಗೊಡದೆ, ಬಿಸಿ ತಾಳುವ ಗುಂಪನ್ನಷ್ಟೇ ಬೆಳೆಯಬಿಡುವುದು ಆ ತಾಪಮಾನದ ಕೆಲಸ. ಒಂದೂಕಾಲು ಡಿಗ್ರಿ ಇಳಿದರೆ ಜರಡಿಯ ಕಣ್ಣು ದೊಡ್ಡದಾದ ಹಾಗೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿಯಾಗಲಿ ಬಿಸಿ ತಾಳುವ ಕೋಲಿಫಾರಂ ಆಗಲಿ ಪತ್ತೆಯೇ ಆಗಕೂಡದು. ಒಂದು ಹಳ್ಳಿಯ ಬಾವಿ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬ ತೀರ್ಪು ಈ ಪುಟ್ಟ ಸೆನ್ಸರಿನ ಮೇಲೆ ನಿಂತಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಬಿನಲ್ಲಿ ಎರಡು ಪಕ್ಷವಾಗಿತ್ತು. ಗುಣಮಟ್ಟ ನೋಡಿಕೊಳ್ಳುವ ಮೇಡಂ ಖಂಡಿತವಾಗಿ ಹೇಳಿದರು: "ಇನ್ಮೇಲೆ ಯಾರೂ ಸೆನ್ಸರ್‌ಗೆ ಕೈ ಹಾಕೋದು ಬೇಡ. ಮಾನ್ಯತೆ ಇರೋ ಕ್ಯಾಲಿಬ್ರೇಶನ್ ಲ್ಯಾಬಿಗೆ ಕಳಿಸಿ, ಸರ್ಟಿಫಿಕೇಟ್ ತಗೊಳ್ಳಿ, ಅಷ್ಟೇ." ಇಪ್ಪತ್ತು ವರ್ಷದಿಂದ ಇರುವ ಟೆಕ್ನಿಶಿಯನ್ ಒಪ್ಪಲಿಲ್ಲ. "ಮೇಡಂ, ವರ್ಷದಲ್ಲಿ ಒಂದು ದಿನ ಅವರು ನೋಡ್ತಾರೆ. ಮಿಕ್ಕಿದ್ದು 364 ದಿನ ನೋಡೋರು ಯಾರು?" ಇಬ್ಬರೂ ಬಲ್ಲವರು, ಇಬ್ಬರ ಮಾತಿನಲ್ಲೂ ತಿರುಳಿತ್ತು. ಅಂದಿನಿಂದ ನಾನು ಇದನ್ನು ತೂಗಿ ನೋಡುತ್ತಲೇ ಇದ್ದೇನೆ.

ಮೊದಲು ಟೆಕ್ನಿಶಿಯನ್ ಪಕ್ಷ. ಅವರ ಆಯುಧ ಒಂದು ಥರ್ಮಾಸ್ ಫ್ಲಾಸ್ಕ್ ಮತ್ತು ಐಸ್. ಕೇಳಲು ಹಳ್ಳಿಮದ್ದಿನಂತೆ ಅನ್ನಿಸಬಹುದು, ಆದರೆ ಇದು ಮಾಪನಶಾಸ್ತ್ರ ಇಂದಿಗೂ ಗೌರವಿಸುವ ವಿಧಾನ. ಕರಗುವ ಐಸಿನ ತಾಪಮಾನಕ್ಕೆ ಗಾಳಿಯ ಒತ್ತಡ ಅಷ್ಟಾಗಿ ತಾಗುವುದಿಲ್ಲ, ಅದು ಮಡಿಕೇರಿಯಲ್ಲೂ ಕಾರವಾರದಲ್ಲೂ ಸೊನ್ನೆಯೇ. 1742ರಲ್ಲಿ ಆಂಡರ್ಸ್ ಸೆಲ್ಸಿಯಸ್ ತನ್ನ ಮಾಪಕವನ್ನು ಮುಂದಿಟ್ಟಾಗಲೇ ಈ ವ್ಯತ್ಯಾಸ ಅವನಿಗೆ ತಿಳಿದಿತ್ತು. ಕುದಿಯುವ ಬಿಂದು ಒತ್ತಡದ ಜೊತೆ ಬದಲಾಗುತ್ತದೆ, ಹೆಪ್ಪುಗಟ್ಟುವ ಬಿಂದು ಬದಲಾಗದು ಎಂದು ಅವನು ಅಳೆದು ಕಂಡುಕೊಂಡಿದ್ದ. ನಮ್ಮ ಹುಡುಗಿಯ ಎರಡು ಅಳತೆಗಳಲ್ಲಿ ಒಂದು ನಿಂತು ಇನ್ನೊಂದು ಕೈಕೊಟ್ಟದ್ದೂ ಇದೇ ಕಾರಣಕ್ಕೆ.

ಆದರೂ ಐಸ್ ಎಂದರೆ ಬರೀ ಐಸ್ ಅಲ್ಲ. ಬೇಕರಿಯಿಂದ ತಂದ ಗಡ್ಡೆ ಎಂಥ ನೀರಿನದೋ ಯಾರು ಬಲ್ಲರು. ಲೀಟರಿಗೆ ಒಂದು ಗ್ರಾಂ ಅಡುಗೆ ಉಪ್ಪು ಕರಗಿದ್ದರೂ ಹೆಪ್ಪುಗಟ್ಟುವ ಬಿಂದು ಸುಮಾರು 0.06 ಡಿಗ್ರಿ ಕೆಳಗಿಳಿಯುತ್ತದೆ. ನಮ್ಮಲ್ಲಿ ಡಿಸ್ಟಿಲ್ಡ್ ನೀರನ್ನೇ ಹೆಪ್ಪುಗಟ್ಟಿಸಿ, ತೊಳೆದ ಚೀಲದಲ್ಲಿ ಕುಟ್ಟಿ, ಅವಲಕ್ಕಿಗಿಂತ ಸ್ವಲ್ಪ ದಪ್ಪಗೆ ಪುಡಿಮಾಡಿಕೊಳ್ಳುತ್ತೇವೆ. ಬರಿಗೈ ತಾಗಿಸುವುದಿಲ್ಲ, ಬೆವರಿನಲ್ಲೂ ಉಪ್ಪಿದೆ. ಫ್ಲಾಸ್ಕಿಗೆ ಐಸ್ ಒತ್ತಿ ತುಂಬಿ, ತಣ್ಣಗಿರುವ ಡಿಸ್ಟಿಲ್ಡ್ ನೀರನ್ನು ಸಂದುಗಳು ತುಂಬುವಷ್ಟು ಮಾತ್ರ ಹುಯ್ಯಬೇಕು. ಐಸ್ ತೇಲಿತೆಂದರೆ ನೀರು ಹೆಚ್ಚಾಯಿತೆಂದೇ ಅರ್ಥ. ನೀರು ಅತಿ ಭಾರವಾಗುವುದು 4 ಡಿಗ್ರಿಯ ಹತ್ತಿರ. ಆ ಬೆಚ್ಚಗಿನ ನೀರು ತಳ ಸೇರುತ್ತದೆ, ಪ್ರೋಬಿನ, ಅಂದರೆ ಸೆನ್ಸರ್ ಅಡಗಿರುವ ಕಡ್ಡಿಯ, ತುದಿಯೂ ಅಲ್ಲೇ ಇರುತ್ತದೆ! ಹಾಗಾಗಿ ತಳದ ನೀರನ್ನು ಸಣ್ಣ ಕೊಳವೆಯಿಂದ ಆಗಾಗ ಎಳೆದು, ಮೇಲಿನಿಂದ ಹೊಸ ಐಸ್ ಒತ್ತಬೇಕು. ಬೆಳ್ಳಗಿದ್ದ ಐಸ್ ನೀರು ಹೀರಿ ಸ್ವಲ್ಪ ಬೂದುಬಣ್ಣಕ್ಕೆ ತಿರುಗಿದಾಗ ಹದ ಬಂತು. ಅಂಚಿಗೆ ತಾಗದಂತೆ ಪ್ರೋಬನ್ನು ನಡುವೆ ಇಳಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ರೀಡಿಂಗ್ ಅಲುಗದೆ ನಿಂತ ಮೇಲೆ ಬರೆದುಕೊಳ್ಳಬೇಕು. ಹೀಗೆ ಮಾಡಿದ ಐಸ್ ಒಂದು ಡಿಗ್ರಿಯ ನೂರರಲ್ಲೊಂದು ಭಾಗದಷ್ಟು ನಂಬಿಕೆ ಉಳಿಸಿಕೊಳ್ಳುತ್ತದೆ. ನೀರಿನ ಪರೀಕ್ಷೆಗೆ ಅಷ್ಟು ಸಾಕೋ ಸಾಕು.

ಈ ಪಕ್ಷದ ಇನ್ನೊಂದು ಬಲ, ಅಳತೆಯ ಇಡೀ ಸರಪಳಿ ಒಟ್ಟಿಗೆ ಪರೀಕ್ಷೆಗೆ ಒಳಗಾಗುವುದು. ಹೊರಗೆ ಕಳಿಸುವಾಗ ಅನೇಕರು ಪ್ರೋಬನ್ನು ಮಾತ್ರ ಬಿಚ್ಚಿ ಕಳಿಸುತ್ತಾರೆ. ವೈರು, ಡಿಸ್‌ಪ್ಲೇ, ಕಂಟ್ರೋಲರ್ ಎಲ್ಲ ಇಲ್ಲೇ ಉಳಿಯುತ್ತವೆ. ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸುವ ಪಿಟಿ-100 ಪ್ರೋಬಿನೊಳಗೆ ಇರುವುದು ಪ್ಲಾಟಿನಂ. ಸೊನ್ನೆಯಲ್ಲಿ ಅದರ ರೋಧ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಡಿಗ್ರಿಗೆ 0.4 ಓಮ್‌ಗಿಂತಲೂ ತುಸು ಕಡಿಮೆ ಬದಲಾವಣೆ. ಎರಡೇ ತಂತಿಯಲ್ಲಿ ಜೋಡಿಸಿದ್ದು, ತಂತಿಗಳ ರೋಧವೇ ಒಂದು ಓಮ್ ಆಗಿಬಿಟ್ಟರೆ ಪರದೆಯ ಮೇಲೆ 2.6 ಡಿಗ್ರಿ ಸುಳ್ಳು ಕಾಣುತ್ತದೆ. ಮೂರು ತಂತಿ, ನಾಲ್ಕು ತಂತಿ ಜೋಡಣೆಗಳು ಹುಟ್ಟಿದ್ದೇ ಈ ಸುಳ್ಳನ್ನು ಕಳೆಯಲು. ಪ್ರೋಬ್ ಊರೂರು ಸುತ್ತಿ ಬಂದ ಮೇಲೆ ತುಕ್ಕು ಹಿಡಿದ ತಿರುಪಿಗೆ ವೈರು ಸಿಕ್ಕಿಸಿದರೆ ಸರ್ಟಿಫಿಕೇಟಿಗೆ ಅದು ಗೊತ್ತಾಗುವುದಿಲ್ಲ. ಅದೇ ದಿನ ಐಸಿನಲ್ಲಿ ಅದ್ದಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮೇಡಂ ಮಾತನ್ನು ನಾನು ತಳ್ಳಿಹಾಕಲಾರೆ. ಐಸ್ ಹೇಳುವುದು ಒಂದೇ ಬಿಂದುವಿನ ಕಥೆ. ಪ್ಲಾಟಿನಂ ಪ್ರೋಬಿನ ತಂತಿಯ ರೋಧ ಬದಲಾಗಿದ್ದರೆ ಸೊನ್ನೆಯಲ್ಲಿ ಕಂಡ ತಪ್ಪು 44ರಲ್ಲೂ ಸುಮಾರಾಗಿ ಅಷ್ಟೇ ಇರುತ್ತದೆ, ನಿಜ. ಥರ್ಮಿಸ್ಟರ್ ಎಂಬ ಇನ್ನೊಂದು ಬಗೆಯ ಸೆನ್ಸರ್ ಹಾಗಲ್ಲ, ಅದರ ರೋಧ ತಾಪಮಾನದ ಜೊತೆ ಬಳುಕುತ್ತಾ ಹೋಗುತ್ತದೆ. ಸೊನ್ನೆಯಲ್ಲಿ ಪಾಸಾದದ್ದು 44ರಲ್ಲೂ ಪಾಸಾಗುತ್ತದೆ ಎನ್ನಲು ಆಧಾರವಿಲ್ಲ. ವಿದ್ಯಾರ್ಥಿಗಳು ಆರ್ಡುಯಿನೋಗೆ ಜೋಡಿಸುವ ಡಿಎಸ್18ಬಿ20 ಚಿಪ್ಪಿನ ಪರದೆಯಲ್ಲಿ 0.0625 ಡಿಗ್ರಿಯವರೆಗೆ ಅಂಕಿಗಳು ಕುಣಿಯುತ್ತವೆ, ಆದರೆ ತಯಾರಕರು ಮಾತು ಕೊಡುವುದು ಆಚೆ ಈಚೆ ಅರ್ಧ ಡಿಗ್ರಿಗೆ ಮಾತ್ರ, ಅದೂ ಮೈನಸ್ 10ರಿಂದ 85ರ ನಡುವೆ. ಅದೇ ಹೆಸರಿನ ನಕಲಿ ಚಿಪ್ಪುಗಳೂ ಮಾರುಕಟ್ಟೆಯಲ್ಲಿವೆ. ಇಂಥದ್ದನ್ನು ಐಸಿನಲ್ಲಿ ಮಾತ್ರ ಅದ್ದಿ 44.5ಕ್ಕೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಇನ್ನು ಎರಡನೆಯ ಬಿಂದುವಾಗಿ ಕುದಿಯುವ ನೀರು ಎಷ್ಟು ನಂಬಿಕಸ್ತ ಎಂಬುದನ್ನು ಆ ಬೆಳಗ್ಗೆಯೇ ನೋಡಿದೆವು. ನಿಖರವಾದ ಬ್ಯಾರೋಮೀಟರ್ ಪಕ್ಕದಲ್ಲಿದ್ದು, ಪ್ರೋಬನ್ನು ನೀರಿನಲ್ಲಿ ಮುಳುಗಿಸದೆ ಹಬೆಯಲ್ಲಿ ಹಿಡಿದರೆ ಅದೂ ಕೆಲಸಕ್ಕೆ ಬರುತ್ತದೆ. ಅಷ್ಟು ಏರ್ಪಾಡು ಎಷ್ಟು ಲ್ಯಾಬುಗಳಲ್ಲಿದೆ?

ಮಾನ್ಯತೆ ಪಡೆದ ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ನಡೆಯುವುದೇ ಬೇರೆ. ಚೆನ್ನಾಗಿ ಕಲಕುತ್ತಿರುವ ದ್ರವದ ತೊಟ್ಟಿಯಲ್ಲಿ ನಮ್ಮ ಪ್ರೋಬನ್ನೂ ಅವರ ಪ್ರಮಾಣಿತ ಪ್ಲಾಟಿನಂ ಥರ್ಮಾಮೀಟರನ್ನೂ ಅಕ್ಕಪಕ್ಕ ಇಳಿಸುತ್ತಾರೆ. ಆ ಥರ್ಮಾಮೀಟರನ್ನು ಅದಕ್ಕಿಂತ ಮೇಲಿನ ಲ್ಯಾಬೊಂದು ನೋಡಿರುತ್ತದೆ, ಅದನ್ನು ಇನ್ನೂ ಮೇಲಿನದು, ಹೀಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಸರಪಳಿ ಹೋಗುತ್ತದೆ. ಅಲ್ಲಿಯ ಆಧಾರ 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕ. ನೀರಿನ ತ್ರಿಬಿಂದು 0.01 ಡಿಗ್ರಿ, ಗ್ಯಾಲಿಯಂ ಕರಗುವುದು 29.7646ಕ್ಕೆ, ತವರ ಹೆಪ್ಪುಗಟ್ಟುವುದು 231.928ಕ್ಕೆ ಎಂದು ಒಂದೊಂದೂ ಗೊತ್ತುಮಾಡಿದ ಬಿಂದು. 2019ರ ಮೇ 20ರಂದು ಕೆಲ್ವಿನ್‌ಗೆ ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ ಹೊಸ ವ್ಯಾಖ್ಯೆ ಬಂದರೂ ದಿನನಿತ್ಯದ ಕೆಲಸಕ್ಕೆ ಈ ಮಾಪಕವೇ ಉಳಿದಿದೆ. ನಮಗೆ ಬೇಕಾದ 35, 37, 44.5ರಲ್ಲೇ ನೋಡಿಕೊಡಿ ಎಂದು ಕೇಳಬಹುದು. ಸೊನ್ನೆಯಿಂದ ಊಹಿಸುವ ಕಷ್ಟವೇ ಇಲ್ಲ.

ಜೊತೆಗೆ ಬರುವ ಅನಿಶ್ಚಿತತೆಯ ಅಂಕಿ ಈ ಪಕ್ಷದ ನಿಜವಾದ ಶಕ್ತಿ ಎಂದು ನನಗನ್ನಿಸುತ್ತದೆ. ಪಿಟಿ-100 ಪ್ರೋಬುಗಳಲ್ಲಿ 'ಎ' ದರ್ಜೆ ಒಳ್ಳೆಯದೆಂದು ಹೆಸರು. ಮಾನಕದ ಪ್ರಕಾರ ಅದಕ್ಕೆ ಬಿಟ್ಟಿರುವ ಸಡಿಲು 0.15 ಡಿಗ್ರಿ, ಮೇಲೆ ತಾಪಮಾನದ ಸಾವಿರದಲ್ಲಿ ಎರಡು ಪಾಲು. 44.5ರಲ್ಲಿ ಲೆಕ್ಕ ಹಾಕಿದರೆ 0.24 ಡಿಗ್ರಿ ಆಗುತ್ತದೆ. 'ಬಿ' ದರ್ಜೆಗೆ 0.52. ಅಂದರೆ ಅಂಗಡಿಯಿಂದ ತಂದ ಹೊಚ್ಚಹೊಸ, ಉತ್ತಮ ದರ್ಜೆಯ ಪ್ರೋಬ್ ಕೂಡ ನಮ್ಮ ಪರೀಕ್ಷೆ ಕೇಳುವ 0.2ರೊಳಗೆ ಇದ್ದೇ ಇರುತ್ತದೆಂಬ ಖಾತರಿಯಿಲ್ಲ. ಇಂಥ ಜಾಗದಲ್ಲಿ "44.5ರಲ್ಲಿ ಇದು 44.8 ತೋರಿಸುತ್ತದೆ, ಈ ಮಾತಿನ ಅನಿಶ್ಚಿತತೆ 0.1" ಎಂಬ ಒಂದು ಸಾಲಿಗೆ ಬೆಲೆ ಕಟ್ಟಲಾಗದು. ಬಾವಿ ಕೆಟ್ಟಿದೆ ಎಂದು ವರದಿ ಕೊಟ್ಟ ಮೇಲೆ ಯಾರಾದರೂ ಪ್ರಶ್ನಿಸಿದರೆ, "ನಾವೇ ಐಸಿನಲ್ಲಿ ನೋಡಿದ್ದೇವೆ" ಎಂದರೆ ನಿಲ್ಲುವುದಿಲ್ಲ. ಇನ್ನೊಂದು ಮಾತೂ ಇದೆ. ತನ್ನ ಲ್ಯಾಬಿನ ಉಪಕರಣ ಸರಿಯಿರಲಿ ಎಂದು ಬಯಸುವವರ ಕಣ್ಣು ಸೊನ್ನೆಯ ಹತ್ತಿರ ಬಂದ ರೀಡಿಂಗನ್ನು ಸೊನ್ನೆ ಎಂದೇ ಓದುತ್ತದೆ. ಹೊರಗಿನವರಿಗೆ ಆ ಮಮತೆ ಇಲ್ಲ.

ಆದರೆ ಸರ್ಟಿಫಿಕೇಟನ್ನು ನಂಬುವ ನಾವು ಅದನ್ನು ಓದುತ್ತೇವೆಯೇ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಲ್ಯಾಬಿನಲ್ಲಿ ಫೈಲು ಅಚ್ಚುಕಟ್ಟಾಗಿತ್ತು, ಪ್ರತಿ ಉಪಕರಣಕ್ಕೂ ಹಸಿರು ಚೀಟಿ ಅಂಟಿಸಿತ್ತು. ಇನ್‌ಕ್ಯುಬೇಟರಿನ ಪ್ರೋಬ್ 0.4 ಹೆಚ್ಚು ತೋರಿಸುತ್ತದೆ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ವರ್ಷವಿಡೀ ಆ 0.4ನ್ನು ಯಾರೂ ಕಳೆಯಲಿಲ್ಲ, ನಾನೂ ಕಳೆಯಲಿಲ್ಲ. ಕ್ಯಾಲಿಬ್ರೇಶನ್ ಎಂದರೆ ಹೋಲಿಸಿ ನೋಡುವುದು, ಸರಿಪಡಿಸುವುದು ಬೇರೆಯೇ ಕೆಲಸ. ಎಷ್ಟು ತಪ್ಪಿದೆ ಎಂದು ಅವರು ಹೇಳುತ್ತಾರೆ. ಆ ತಪ್ಪನ್ನು ದಿನವೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಣೆ ನಮ್ಮದು. 'ಕ್ಯಾಲಿಬ್ರೇಟ್ ಆಗಿದೆ' ಎಂಬ ಚೀಟಿಯನ್ನು 'ಸರಿ ಇದೆ' ಎಂದು ಓದಿಕೊಳ್ಳುವ ತಪ್ಪು ನಮ್ಮಲ್ಲಿ ಬಹಳ ವ್ಯಾಪಕ.

ವರ್ಷಕ್ಕೊಮ್ಮೆ ಎಂಬ ಲೆಕ್ಕಾಚಾರವೂ ಹಾಗೆಯೇ. ಕ್ಯಾಲಿಬ್ರೇಶನ್ ಲ್ಯಾಬುಗಳಿಗೆ ಅನ್ವಯಿಸುವ ಐಎಸ್‌ಒ 17025 ಮಾನಕ, ಗ್ರಾಹಕರೊಂದಿಗೆ ಒಪ್ಪಂದವಾಗಿದ್ದರೆ ಹೊರತು ಮುಂದಿನ ದಿನಾಂಕವನ್ನು ಸರ್ಟಿಫಿಕೇಟಿನಲ್ಲಿ ಶಿಫಾರಸು ಮಾಡಕೂಡದು ಎನ್ನುತ್ತದೆ. ಪ್ರೋಬ್ ನಮ್ಮ ಲ್ಯಾಬಿನಲ್ಲಿ ಎಷ್ಟು ಪೆಟ್ಟು ತಿನ್ನುತ್ತದೆ, ಎಷ್ಟು ಸಲ ಆಟೋಕ್ಲೇವಿನ ಹಬೆ ಕಾಣುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಪ್ಲಾಟಿನಂ ತಂತಿ ಮೆತ್ತಗಿನ ಲೋಹ. ಒಂದು ಸಲ ಸಿಮೆಂಟ್ ನೆಲದ ಮೇಲೆ ಬಿದ್ದರೆ ಅದರ ರೋಧ ಬದಲಾಗಬಹುದು. ಕೊರಿಯರ್ ಡಬ್ಬಿಯಲ್ಲಿ ಸರಿಯಾಗಿ ಸುತ್ತದೆ ಹಾಕಿದರೆ ಕ್ಯಾಲಿಬ್ರೇಶನ್ ಮುಗಿಸಿ ಬರುವ ದಾರಿಯಲ್ಲೇ ಬದಲಾಗಬಹುದು. ಹೋಗಿ ಬರುವ ವಾರ ಹತ್ತು ದಿನ ವಾಟರ್ ಬಾತ್ ಸುಮ್ಮನೆ ಕೂರಬೇಕು ಇಲ್ಲವೇ ಬದಲಿ ಪ್ರೋಬ್ ಬೇಕು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ತಾಲ್ಲೂಕು ಮಟ್ಟದ ಲ್ಯಾಬಿಗೆ, ಪದವಿ ಕಾಲೇಜಿಗೆ ಅದು ನಿಜವಾದ ತೊಂದರೆ.

ಈ ವಾದದಲ್ಲಿ ಎರಡೂ ಕಡೆಯವರು ಮರೆತ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಸೆನ್ಸರ್ ಎಲ್ಲಿ, ಹೇಗೆ ಕೂತಿದೆ ಎಂಬುದು. ಪ್ರೋಬಿನ ಲೋಹದ ಕಾಂಡದ ಮೂಲಕ ಬಿಸಿ ಹೊರಗೆ ಹರಿಯುತ್ತಲೇ ಇರುತ್ತದೆ. ಕಾಂಡದ ದಪ್ಪದ ಹತ್ತು ಹದಿನೈದು ಪಟ್ಟಾದರೂ ಆಳಕ್ಕೆ ಮುಳುಗಿಸಬೇಕು ಎಂಬುದು ಹಳೆಯ ಕೈಲೆಕ್ಕ. ಆರು ಮಿಲಿಮೀಟರ್ ದಪ್ಪದ ಪ್ರೋಬಿಗೆ ಆರರಿಂದ ಒಂಬತ್ತು ಸೆಂಟಿಮೀಟರ್ ಆಳ ಬೇಕಾಯಿತು, ಒಳಗಿನ ಸಂವೇದಿ ಭಾಗದ ಉದ್ದ ಅದರ ಮೇಲೆ. ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ಹದಿನೈದು ಸೆಂಟಿಮೀಟರ್ ಮುಳುಗಿ 44.5 ಎಂದ ಪ್ರೋಬ್ ನಮ್ಮ ತೊಟ್ಟಿಯಲ್ಲಿ ಮೂರೇ ಸೆಂಟಿಮೀಟರ್ ಮುಳುಗಿ, ತಲೆಯ ಮೇಲೆ ಫ್ಯಾನಿನ ಗಾಳಿ ಹೊಡೆಯುತ್ತಿದ್ದರೆ ಬೇರೆಯೇ ಸಂಖ್ಯೆ ಹೇಳುತ್ತದೆ. ಐಸ್ ಫ್ಲಾಸ್ಕಿನಲ್ಲೂ ಅದು ಪಾಸು, ಸರ್ಟಿಫಿಕೇಟಿನಲ್ಲೂ ಪಾಸು. ಫ್ರಿಜ್ಜಿನಲ್ಲಿ ಬಾಗಿಲಿನ ಬಳಿ ಗಾಳಿಯಲ್ಲಿ ನೇತಾಡುವ ಸೆನ್ಸರ್ ಬಾಗಿಲು ತೆರೆದಾಗಲೆಲ್ಲ ಕೂಗುತ್ತದೆ. ಅದನ್ನೇ ಗ್ಲಿಸರಿನ್ ತುಂಬಿದ ಸಣ್ಣ ಶೀಶೆಯೊಳಗೆ ಇಟ್ಟರೆ ಒಳಗಿರುವ ಔಷಧದ ನಿಜವಾದ ಸ್ಥಿತಿ ಹೇಳುತ್ತದೆ. ವಾಟರ್ ಬಾತಿನಲ್ಲಿ ಹೀಟರಿನ ಪಕ್ಕ ಒಂದು ತಾಪಮಾನ, ಮೂಲೆಯಲ್ಲಿ ಇನ್ನೊಂದು. ಸೆನ್ಸರ್ ಎಷ್ಟೇ ಸಾಚಾ ಇದ್ದರೂ ತಾನು ನಿಂತ ಜಾಗದ ಸುದ್ದಿಯನ್ನಷ್ಟೇ ಹೇಳಬಲ್ಲದು. ಟೆಸ್ಟ್‌ಟ್ಯೂಬ್ ಇರುವ ಜಾಗ ಬೇರೆ.

ಹಾಗಾದರೆ ಯಾರ ಪಕ್ಷ ಹಿಡಿಯಬೇಕು ಎಂದು ಕೇಳಿದರೆ, ಹಣ ಒಂದಕ್ಕೇ ಇದೆ ಎಂದಾದರೆ, 44.5ರ ತೊಟ್ಟಿಯ ವಿಷಯದಲ್ಲಿ ನಾನು ಮೇಡಂ ಕಡೆ. 0.2 ಡಿಗ್ರಿಯ ಪ್ರಶ್ನೆಗೆ ಐಸ್ ಒಂದೇ ಉತ್ತರ ಕೊಡಲಾರದು, ಜನರು ಕುಡಿಯುವ ನೀರಿನ ವಿಷಯದಲ್ಲಿ ಊಹೆಗೆ ಜಾಗವಿರಬಾರದು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿಗಾದರೆ ಟೆಕ್ನಿಶಿಯನ್ ಕಡೆ, ಎರಡನೆಯ ಯೋಚನೆಯೇ ಬೇಡ. ಐಸ್ ಕುಟ್ಟಿ, ಒತ್ತಡ ಓದಿ, 97 ಯಾಕೆ ಬಂತು ಎಂದು ತಲೆ ಕೆರೆದುಕೊಂಡ ಹುಡುಗ ಕಲಿಯುವುದು ಸರ್ಟಿಫಿಕೇಟಿನ ಫೈಲು ತಿರುವಿ ಹಾಕುವವನಿಗೆ ಸಿಗದು. ನಮ್ಮ ಹುಡುಗಿಗೆ ಈಗ ಯಾರಾದರೂ ಒತ್ತಡ ಎಂದರೆ ಸಾಕು, "ಯಾವ ಎತ್ತರದ್ದು?" ಎಂದು ಮೊದಲು ಕೇಳುತ್ತಾಳೆ.

ನಮ್ಮಲ್ಲಿ ಕೊನೆಗೆ ಆದದ್ದು ಹೀಗೆ. ಒಳ್ಳೆಯ ನಾಲ್ಕು ತಂತಿಯ ಪ್ರೋಬ್ ಒಂದನ್ನು ಅದರ ಡಿಸ್‌ಪ್ಲೇ ಸಮೇತ ಹೊರಗೆ ಕಳಿಸಿ ನಾಲ್ಕು ಬಿಂದುಗಳಲ್ಲಿ ನೋಡಿಸಿದೆವು. ಅದು ದಿನನಿತ್ಯದ ಕೆಲಸಕ್ಕಿಲ್ಲ, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದೇವೆ. ಮೂರು ತಿಂಗಳಿಗೊಮ್ಮೆ ಹೊರತೆಗೆದು, ವಾಟರ್ ಬಾತಿನಲ್ಲಿ ಟೆಸ್ಟ್‌ಟ್ಯೂಬ್ ನಿಲ್ಲುವ ಜಾಗದಲ್ಲೇ ಇಳಿಸಿ, ಉಳಿದ ಸೆನ್ಸರುಗಳನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಆ ಪೆಟ್ಟಿಗೆಯ ಪ್ರೋಬನ್ನು ಮಾತ್ರ ತಿಂಗಳ ಮೊದಲ ಸೋಮವಾರ ಟೆಕ್ನಿಶಿಯನ್ ತಮ್ಮ ಫ್ಲಾಸ್ಕಿನಲ್ಲಿ ಅದ್ದುತ್ತಾರೆ. ಎರಡು ಕ್ಯಾಲಿಬ್ರೇಶನ್‌ಗಳ ನಡುವೆ ಇಂಥ ತಪಾಸಣೆಗೆ ಮಾನಕದಲ್ಲೂ ಅವಕಾಶವಿದೆ ಎಂದು ಓದಿ ತೋರಿಸಿದವರು ಮೇಡಂ. ಇದರಿಂದ ಖರ್ಚು ಪೂರ್ತಿ ಹೋಗಲಿಲ್ಲ, ಕೆಲಸವೂ ಕಡಿಮೆಯಾಗಲಿಲ್ಲ. ಹೋಲಿಸುವ ದಿನ ಬೆಳಗ್ಗೆ ಇಡೀ ಅದರಲ್ಲೇ ಕಳೆಯುತ್ತದೆ, ಬರೆದಿಡುವ ಪುಸ್ತಕ ಇನ್ನೊಂದು ಹೆಚ್ಚಾಯಿತು. ಒಂದೇ ಪ್ರೋಬಿನ ಮೇಲೆ ಎಲ್ಲ ಭಾರ ಬಿದ್ದಿರುವುದೂ ನನಗೆ ಪೂರ್ತಿ ನೆಮ್ಮದಿ ಕೊಡುವ ಸಂಗತಿಯಲ್ಲ.

ಆ ಪುಸ್ತಕದಲ್ಲಿ ಐದು ತಿಂಗಳು ಐಸಿನ ರೀಡಿಂಗ್ 0.01, 0.02, 0.01, 0.01, 0.02 ಎಂದಿದೆ. ಈ ತಿಂಗಳು 0.08. ಟೆಕ್ನಿಶಿಯನ್ ಐಸ್ ಬದಲಿಸಿ, ತಳದ ನೀರು ತೆಗೆದು, ಮತ್ತೆ ಅದ್ದಿದರು. 0.08. ತಿರುಪುಗಳನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿದರು. ಆಗಲೂ 0.08. ಸರ್ಟಿಫಿಕೇಟಿಗೆ ವರ್ಷ ತುಂಬಲು ಇನ್ನೂ ಏಳು ತಿಂಗಳಿದೆ. ಮೇಡಂ ಪುಸ್ತಕ ನೋಡಿದರು, ಪೆಟ್ಟಿಗೆ ನೋಡಿದರು, "ಯಾರಾದ್ರೂ ಬೀಳಿಸಿದ್ರಾ?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಪ್ರೋಬನ್ನು ಹತ್ತಿಯಲ್ಲಿ ಸುತ್ತಿ, ಕೊರಿಯರ್ ಚೀಟಿಯನ್ನು ಅವರೇ ಬರೆಯತೊಡಗಿದರು.